ಕಂಡೆನ್ಸರ್ ಹೋದ ಕಂಪ್ಯೂಟರುಗಳ ಚರಿತ್ರೆ

ಫ್ಯಾನು ನಿಧಾನವಾಗಿ ತಿರುಗತೊಡಗಿದರೆ, ತೋಟದ ಪಂಪು ಗುಂಯ್ ಎಂದು ಸದ್ದು ಮಾಡಿ ನೀರೆತ್ತದೆ ನಿಂತರೆ, ನಮ್ಮ ಕಡೆ ವಿಜ್ಞಾನ ಓದದವರೂ ಹೇಳುವ ಮಾತು ಒಂದೇ: "ಕಂಡೆನ್ಸರ್ ಹೋಗಿದೆ." ಪಾಠಪುಸ್ತಕದಲ್ಲಿ ಅದು ಧಾರಕ. ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಕೆಪಾಸಿಟರ್. ಕಂಡೆನ್ಸರ್ ಎನ್ನುವುದು ರಿಪೇರಿಯವರ ತಪ್ಪು ಪದ ಎಂದು ಕೆಲವರು ನಗುವುದುಂಟು. ನಗಬೇಕಾಗಿಲ್ಲ ಮಾರಾಯರೆ. ಮೂವರಲ್ಲಿ ಹಳೆಯ ಹೆಸರು ಅದೇ. ಇಟಲಿಯ ವೋಲ್ಟಾ 1782ರಲ್ಲಿ ಕೊಟ್ಟ ಹೆಸರು 'ಕಂಡೆನ್ಸಟೋರೆ'. ವಿದ್ಯುತ್ತನ್ನು ಒತ್ತೊತ್ತಾಗಿ ತುಂಬಿಸಿಡುವ ಸಾಧನ ಎಂದು ಅರ್ಥ. ದೊಡ್ಡ ವಿದ್ವಾಂಸರು ಬಿಟ್ಟುಕೊಟ್ಟ ಹೆಸರನ್ನು ನಮ್ಮ ಪೇಟೆಯ ಎಲೆಕ್ಟ್ರಿಷಿಯನ್‌ಗಳು ಈವರೆಗೆ ಉಳಿಸಿಕೊಂಡು ಬಂದಿದ್ದಾರೆ. ಆದ್ದರಿಂದ ಈ ಲೇಖನದಲ್ಲಿ ನಾನೂ ಕಂಡೆನ್ಸರ್ ಎಂದೇ ಬರೆಯುತ್ತೇನೆ.

ಕಂಪ್ಯೂಟರಿನ ಚರಿತ್ರೆ ಎಂದರೆ ಬ್ಯಾಬೇಜ್, ಟ್ಯೂರಿಂಗ್, ಆಮೇಲೆ ಚಿಪ್ಪು, ಆಮೇಲೆ ಇಂಟರ್‌ನೆಟ್ಟು ಎಂದು ಪಾಠ ಮಾಡಿ ಮುಗಿಸುತ್ತೇವೆ. ಆದರೆ ಹಳೆಯ ಕಂಪ್ಯೂಟರುಗಳನ್ನು ಇಂದು ನಡೆಸಲು ಹೊರಟವರು ಮೊದಲು ಎದುರಿಸುವುದು ಚಿಪ್ಪನ್ನಲ್ಲ, ಈ ಕಂಡೆನ್ಸರನ್ನು. ಚಿಪ್ಪುಗಳು ನಲವತ್ತು ವರ್ಷ ಕಳೆದರೂ ಹೆಚ್ಚಿನವು ಗಟ್ಟಿಯಾಗಿಯೇ ಇರುತ್ತವೆ. ಎರಡು ರೂಪಾಯಿ ಬೆಲೆಯ ಕಂಡೆನ್ಸರ್ ಒಣಗಿ, ಸೋರಿ, ಒಡೆದು ಇಡೀ ಯಂತ್ರವನ್ನು ಮಲಗಿಸುತ್ತದೆ.

ಮೊದಲ ಕಂಡೆನ್ಸರ್ ಒಂದು ಗಾಜಿನ ಭರಣಿ. 1745ರಲ್ಲಿ ಜರ್ಮನಿಯ ಫಾನ್ ಕ್ಲೈಸ್ಟ್ ಎಂಬ ಪಾದ್ರಿ, ಅದರ ಬೆನ್ನಿಗೇ ಹಾಲೆಂಡಿನ ಲೈಡನ್ ನಗರದಲ್ಲಿ ಪ್ರೊಫೆಸರ್ ಮುಶೆನ್‌ಬ್ರೂಕ್, ಬೇರೆ ಬೇರೆಯಾಗಿ ಇದನ್ನು ಕಂಡುಕೊಂಡರು. ಇಬ್ಬರಿಗೂ ಗೊತ್ತಾದದ್ದು ಕೈಗೆ ಬಡಿದ ಶಾಕ್‌ನಿಂದ! ಎರಡು ಲೋಹದ ಹಾಳೆ, ನಡುವೆ ವಿದ್ಯುತ್ತು ಹರಿಯದ ಒಂದು ಪದರ, ಇಷ್ಟೇ ಅದರ ತತ್ತ್ವ. ಪದರ ತೆಳ್ಳಗಾದಷ್ಟೂ, ಹಾಳೆಯ ವಿಸ್ತೀರ್ಣ ಹೆಚ್ಚಿದಷ್ಟೂ ಹೆಚ್ಚು ತುಂಬುತ್ತದೆ. ಆದರೆ ಗಾಜನ್ನು ಎಷ್ಟು ತೆಳ್ಳಗೆ ಮಾಡಬಹುದು?

ಇದಕ್ಕೆ ಉಪಾಯ ಸಿಕ್ಕಿದ್ದು ಅಲ್ಯೂಮಿನಿಯಂನಲ್ಲಿ. ಅಲ್ಯೂಮಿನಿಯಂ ಹಾಳೆಯನ್ನು ತಕ್ಕ ದ್ರಾವಣದಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸಿದರೆ ಅದರ ಮೈಮೇಲೆ ಆಕ್ಸೈಡಿನ ಪೊರೆ ಬೆಳೆಯುತ್ತದೆ. ಪೊರೆಯ ದಪ್ಪ ಒಂದು ವೋಲ್ಟಿಗೆ ಸುಮಾರು 1.4 ನ್ಯಾನೊಮೀಟರ್. ಹತ್ತು ವೋಲ್ಟಿನ ಪೊರೆ ಎಂದರೆ ನಮ್ಮ ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಈ ಪೊರೆಯೇ ನಡುವಿನ ಪದರ. ಪೋಲೆಂಡ್ ಮೂಲದ ಕರೋಲ್ ಪೊಲ್ಲಾಕ್ 19ನೆಯ ಶತಮಾನದ ಕೊನೆಯಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಅವರದ್ದು ದ್ರಾವಣ ತುಂಬಿದ ಪಾತ್ರೆ, ಓರೆ ಮಾಡಿದರೆ ಚೆಲ್ಲುವಂಥದ್ದು. 1925ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ರೂಬೆನ್ ದ್ರಾವಣವನ್ನು ಕಾಗದಕ್ಕೆ ಹೀರಿಸಿ ಹಾಳೆಗಳ ನಡುವೆ ಸುರುಳಿ ಸುತ್ತಿದರು. ಇಂದಿಗೂ ಬೋರ್ಡುಗಳ ಮೇಲೆ ಸಣ್ಣ ಡಬ್ಬಿಗಳಂತೆ ನಿಂತಿರುವ ಎಲೆಕ್ಟ್ರೊಲಿಟಿಕ್ ಕಂಡೆನ್ಸರುಗಳು ಆ ಸುರುಳಿಯ ಮಕ್ಕಳು, ಮೊಮ್ಮಕ್ಕಳು.

ಒಳಗೆ ಒದ್ದೆ ಕಾಗದ ಇದೆ ಎನ್ನುವುದನ್ನು ನೆನಪಿಡಬೇಕು, ಮುಂದಿನ ಕಥೆಯೆಲ್ಲ ಅದರದ್ದೇ. ಒದ್ದೆ ಇದ್ದದ್ದು ಎಂದಾದರೊಂದು ದಿನ ಒಣಗಲೇಬೇಕು. ಡಬ್ಬಿಯ ಬುಡದಲ್ಲಿ ರಬ್ಬರಿನ ಬಿರಡೆ ಇರುತ್ತದೆ. ಆವಿ ಅದರ ಸಂದಿನಿಂದ ತುಸುತುಸುವೇ ಹೊರಗೆ ಹೋಗುತ್ತದೆ. ಬಿಸಿ ಹೆಚ್ಚಾದರೆ ಬೇಗ. ಉಷ್ಣತೆ 10 ಡಿಗ್ರಿ ಏರಿದರೆ ಆಯುಷ್ಯ ಅರ್ಧವಾಗುತ್ತದೆ ಎನ್ನುವುದು ಎಂಜಿನಿಯರುಗಳ ಅಂದಾಜು ಲೆಕ್ಕ. 85 ಡಿಗ್ರಿಯಲ್ಲಿ 2000 ಗಂಟೆ ಬಾಳುತ್ತದೆ ಎಂದು ಬರೆದಿರುವ ಕಂಡೆನ್ಸರ್ 65 ಡಿಗ್ರಿಯಲ್ಲಿ 8000 ಗಂಟೆ, 45 ಡಿಗ್ರಿಯಲ್ಲಿ 32,000 ಗಂಟೆ ಬಾಳಬೇಕು. ಮಕ್ಕಳಿಗೆ ಘಾತಾಂಕದ ಲೆಕ್ಕ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಹಿರಿಯರಿಗೆ ವಾಲ್ವ್ ರೇಡಿಯೊ ನೆನಪಿರಬಹುದು. ಹಳತಾದಂತೆ ವಾರ್ತೆಯ ಹಿಂದೆ ಒಂದೇ ಸಮನೆ ಹುಂ ಎಂಬ ಸ್ವರ ಸೇರಿಕೊಳ್ಳುತ್ತಿತ್ತಲ್ಲ? ಅದು ಕಂಡೆನ್ಸರಿನ ಮುಪ್ಪು. ನಮ್ಮ ಲೈನಿನ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಡುತ್ತದೆ. ಅದನ್ನು ಒಂದೇ ದಿಕ್ಕಿಗೆ ತಿರುಗಿಸಿದಾಗ ಸೆಕೆಂಡಿಗೆ 100 ಏರಿಳಿತಗಳು. ಪಂಪು ಬಿಟ್ಟು ಬಿಟ್ಟು ನೀರು ಹಾಕಿದರೂ ಟ್ಯಾಂಕು ಇದ್ದರೆ ನಲ್ಲಿಯಲ್ಲಿ ಒಂದೇ ಸಮನೆ ಬರುತ್ತದಷ್ಟೆ? ಕಂಡೆನ್ಸರ್ ಆ ಟ್ಯಾಂಕು. ಅದು ಕುಗ್ಗಿದಾಗ ಏರಿಳಿತ ನೇರ ಸ್ಪೀಕರಿಗೆ ಬರುತ್ತದೆ. ರೇಡಿಯೊ ಆದರೆ ಹುಂ ಅನ್ನುತ್ತಾ ಹಾಡುತ್ತದೆ, ಕಂಪ್ಯೂಟರಿಗೆ ಅಷ್ಟು ತಾಳ್ಮೆ ಇಲ್ಲ. 5 ವೋಲ್ಟ್ ಇರಬೇಕಾದಲ್ಲಿ ಕ್ಷಣಮಾತ್ರ 4 ಆದರೂ ಲೆಕ್ಕ ತಪ್ಪುತ್ತದೆ, ನಿಂತುಬಿಡುತ್ತದೆ.

ಈಗ ಒಂದು ನಿಜವಾದ ಯಂತ್ರಕ್ಕೆ ಬರೋಣ. ಶಾಲೆಗಳಿಗೆ ಸಂಬಂಧಪಟ್ಟದ್ದೇ ಇರಲಿ ಎಂದು ಬಿಬಿಸಿ ಮೈಕ್ರೊವನ್ನು ಆರಿಸಿಕೊಂಡಿದ್ದೇನೆ. ಬ್ರಿಟನ್ನಿನ ಪ್ರಸಾರ ಸಂಸ್ಥೆ ಬಿಬಿಸಿ ಜನರಿಗೆ ಕಂಪ್ಯೂಟರ್ ಕಲಿಸಲು ಟೆಲಿವಿಷನ್ ಪಾಠಮಾಲೆ ಯೋಜಿಸಿತು. ಪಾಠಕ್ಕೆ ತಕ್ಕ ಯಂತ್ರವನ್ನು ಕೇಂಬ್ರಿಜ್ಜಿನ ಏಕಾರ್ನ್ ಎಂಬ ಸಣ್ಣ ಕಂಪೆನಿ 1981ರ ಕೊನೆಗೆ ಹೊರತಂದಿತು. ವಿನ್ಯಾಸ ಮಾಡಿದವರಲ್ಲಿ ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ಮುಖ್ಯರು. ನಮ್ಮ ಮೊಬೈಲುಗಳಲ್ಲಿರುವ ಆರ್ಮ್ ಪ್ರೊಸೆಸರನ್ನು ಮುಂದೆ ರೂಪಿಸಿದವರೂ ಇವರೇ. ಬಿಬಿಸಿ ಮೈಕ್ರೊವಿನ ಮೆಮೊರಿ ಬರೀ 32 ಕಿಲೊಬೈಟ್. ಇಂದು ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಕೂಡ ಅದರಲ್ಲಿ ಹಿಡಿಸದು. ಹಾಗಿದ್ದರೂ ಬ್ರಿಟನ್ನಿನ ಬಹುಪಾಲು ಶಾಲೆಗಳು ಅದರ ಮೇಲೆ ಕಲಿತವು.

ಭಾರತಕ್ಕೂ ಅದು ಬಂತು. 1984-85ರಲ್ಲಿ ಕೇಂದ್ರ ಸರಕಾರ ಶಾಲೆಗಳಿಗಾಗಿ 'ಕ್ಲಾಸ್' ಎಂಬ ಕಂಪ್ಯೂಟರ್ ಸಾಕ್ಷರತಾ ಯೋಜನೆ ಆರಂಭಿಸಿದಾಗ ಮೊದಲ ಹಂತದಲ್ಲಿ ಸುಮಾರು 250 ಶಾಲೆಗಳಿಗೆ ಕೊಟ್ಟದ್ದು ಇದೇ ಯಂತ್ರ. ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಎಂಬ ಸರಕಾರಿ ಸಂಸ್ಥೆ ಅದನ್ನು ಇಲ್ಲಿಯೇ ತಯಾರಿಸಲೂ ಹೊರಟಿತ್ತು. 1989ರ ಫೆಬ್ರವರಿಯಲ್ಲಿ ಆ ಸಂಸ್ಥೆಯ ಚಿಪ್ ಕಾರ್ಖಾನೆ ಬೆಂಕಿಗೆ ಆಹುತಿಯಾಯಿತು. ಅದು ಬೇರೆಯೇ ಒಂದು ದುಃಖದ ಅಧ್ಯಾಯ.

ಇಂದು ಬಿಬಿಸಿ ಮೈಕ್ರೊ ಸಿಕ್ಕಿದವರು ಉತ್ಸಾಹದಿಂದ ಸ್ವಿಚ್ ಹಾಕುತ್ತಾರೆ. ಬೀಪ್ ಎಂದು ಸದ್ದು ಬರುತ್ತದೆ, ಪರದೆಯ ಮೇಲೆ ಅಕ್ಷರ ಮೂಡುತ್ತದೆ. ಹತ್ತು ನಿಮಿಷ, ಅರ್ಧ ಗಂಟೆ ಎಲ್ಲ ಸರಿ. ಆಮೇಲೆ ಒಮ್ಮೆಲೇ ಪಟ್ ಎಂದು ಶಬ್ದ, ಹಿಂದುಗಡೆಯಿಂದ ಬಿಳಿ ಹೊಗೆ, ಕೋಣೆ ತುಂಬ ಕಮಟು ವಾಸನೆ. ಕಂಪ್ಯೂಟರ್ ಸುಟ್ಟೇ ಹೋಯಿತು ಎಂದು ಹೆದರುತ್ತಾರೆ. ಸುಟ್ಟದ್ದು ಕಂಪ್ಯೂಟರ್ ಅಲ್ಲ, ವಿದ್ಯುತ್ ಪೂರೈಸುವ ಪೆಟ್ಟಿಗೆಯೊಳಗೆ ಲೈನಿನ ಕಿರಿಕಿರಿ ಸೋಸಲು ಇಟ್ಟ ಒಂದು ಕಂಡೆನ್ಸರ್. ಎಷ್ಟೋ ಸಲ ಹೊಗೆಯ ನಡುವೆಯೇ ಯಂತ್ರ ಓಡುತ್ತಲೂ ಇರುತ್ತದೆ.

ಸ್ವೀಡನ್ನಿನ ರೀಫಾ ಕಂಪೆನಿಯ ಆ ಕಂಡೆನ್ಸರುಗಳು ಎಲೆಕ್ಟ್ರೊಲಿಟಿಕ್ ಜಾತಿಯವಲ್ಲ. ಲೋಹ ಲೇಪಿಸಿದ ಕಾಗದವನ್ನು ಮಡಿಸಿ, ಹಳದಿ ಬಣ್ಣದ ಪಾರದರ್ಶಕ ಅಂಟಿನಲ್ಲಿ ಎರಕ ಹೊಯ್ದಂತೆ ಮುಚ್ಚಿದವು. ಆ ಕಾಲಕ್ಕೆ ಅವು ಒಳ್ಳೆಯ ಸರಕು ಎಂದೇ ಹೆಸರಾಗಿದ್ದವು, ಅನೇಕ ಕಂಪೆನಿಗಳು ಬಳಸಿದವು. ದಶಕಗಳು ಕಳೆದ ಮೇಲೆ ಹಳದಿ ಹೊದಿಕೆಯಲ್ಲಿ ಕೂದಲೆಳೆಯಂಥ ಬಿರುಕುಗಳು ಬಂದವು. ಬಿರುಕಿನಿಂದ ಗಾಳಿಯ ತೇವ ಕಾಗದಕ್ಕೆ ಇಳಿಯಿತು. ಬ್ರಿಟನ್ನಿನ ಅಟ್ಟಗಳಲ್ಲೇ ಹೀಗಾದರೆ, ಆಟಿ ತಿಂಗಳಲ್ಲಿ ಗೋಡೆಗೂ ಬೂಸಲು ಹಿಡಿಯುವ ನಮ್ಮ ಕರಾವಳಿಯಲ್ಲಿ ಕೇಳಬೇಕೆ? ಒಳಗೆ ಅಲ್ಯೂಮಿನಿಯಂ, ಇಲ್ಲಿ ಕಾಗದ; ಅಲ್ಲಿ ತೇವ ಒಣಗಿ ಕೆಡುವುದು, ಇಲ್ಲಿ ತೇವ ಸೇರಿ ಕೆಡುವುದು. ಅದೇ ಪೆಟ್ಟಿಗೆಯಲ್ಲಿ 220 ಮೈಕ್ರೊಫ್ಯಾರಡಿನ ಒಂದು ಎಲೆಕ್ಟ್ರೊಲಿಟಿಕ್ ಕೂಡ ಒಣಗುತ್ತದೆ, ಆಗ ಹೊಗೆ ಇಲ್ಲ, ಸುಮ್ಮನೆ ಯಂತ್ರ ಶುರುವಾಗುವುದಿಲ್ಲ.

ಹಳೆಯ ಯಂತ್ರ ಸರಿಮಾಡಿ ಏನು ಪ್ರಯೋಜನ, ಅದರ ಸಾವಿರ ಪಟ್ಟು ಶಕ್ತಿ ಕಿಸೆಯಲ್ಲೇ ಇದೆಯಲ್ಲ ಎಂದು ಒಂಬತ್ತನೆಯ ತರಗತಿಯ ಯಾವ ಹುಡುಗನೂ ಕೇಳಿಯಾನು. ಕೇಳಬೇಕಾದ ಪ್ರಶ್ನೆಯೇ. ಅದಕ್ಕೆ ಉತ್ತರವಾಗಿ ಮಕ್ಕಳೇ ಬರೆದ ಒಂದು ಪುಸ್ತಕದ ಕಥೆ ಹೇಳಬೇಕು.

1086ರಲ್ಲಿ ಇಂಗ್ಲೆಂಡಿನ ರಾಜ ಮೊದಲನೆಯ ವಿಲಿಯಂ ತನ್ನ ರಾಜ್ಯದ ಭೂಮಿ, ಒಕ್ಕಲು, ಜಾನುವಾರುಗಳ ಲೆಕ್ಕ ಬರೆಯಿಸಿದ. ಅದೇ ಡೂಮ್ಸ್‌ಡೇ ಪುಸ್ತಕ. ಅದರ 900ನೆಯ ವರ್ಷಕ್ಕೆ, 1986ರಲ್ಲಿ, ಬಿಬಿಸಿ ಹೊಸ ಡೂಮ್ಸ್‌ಡೇ ಮಾಡಲು ಹೊರಟಿತು. ದೇಶವನ್ನು 4 ಕಿಲೊಮೀಟರ್ ಉದ್ದ, 3 ಕಿಲೊಮೀಟರ್ ಅಗಲದ ಚೌಕಗಳಾಗಿ ವಿಂಗಡಿಸಿ, ಆಯಾ ಊರಿನ ಶಾಲೆಯ ಮಕ್ಕಳು ತಮ್ಮ ಚೌಕದ ವಿವರ ಬರೆಯಬೇಕು: ಊರಲ್ಲಿ ಏನಿದೆ, ಅಂಗಡಿಯಲ್ಲಿ ಏನು ಬೆಲೆ, ದೊಡ್ಡವರು ಏನು ಕೆಲಸ ಮಾಡುತ್ತಾರೆ, ತಾವು ಏನು ಆಡುತ್ತೇವೆ. ಹತ್ತು ಲಕ್ಷಕ್ಕೂ ಹೆಚ್ಚು ಜನ ಕೈಜೋಡಿಸಿದರು. ಸುಮಾರು ಒಂದೂವರೆ ಲಕ್ಷ ಪುಟ ಬರಹ, ಸಾವಿರಾರು ಚಿತ್ರ. ಎಲ್ಲವನ್ನೂ ಊಟದ ಬಟ್ಟಲಿನಷ್ಟು ಅಗಲದ ಲೇಸರ್ ಡಿಸ್ಕುಗಳಲ್ಲಿ ತುಂಬಿಸಿದರು. ಓದಲು ಬಿಬಿಸಿ ಮಾಸ್ಟರ್ ಕಂಪ್ಯೂಟರ್, ಅದಕ್ಕೆಂದೇ ಮಾಡಿದ ಫಿಲಿಪ್ಸ್ ಡಿಸ್ಕ್ ಯಂತ್ರ, ಎರಡೂ ಬೇಕು. ಬೆಲೆ 5,000 ಪೌಂಡ್‌ನ ಆಸುಪಾಸು. ಬರೆದ ಶಾಲೆಗಳಿಗೇ ಕೊಳ್ಳಲಾಗಲಿಲ್ಲ!

ಹದಿನೈದೇ ವರ್ಷಗಳಲ್ಲಿ ಓದುವ ಯಂತ್ರಗಳು ಅಪರೂಪವಾದವು. 1086ರ ಚರ್ಮದ ಹಾಳೆಯ ಪುಸ್ತಕವನ್ನು ಈಗಲೂ ತೆರೆದು ಓದಬಹುದು, 1986ರದ್ದನ್ನು ಓದಲಾಗುವುದಿಲ್ಲ ಎಂದು ಪತ್ರಿಕೆಗಳು ಬರೆದವು. 2002ರಲ್ಲಿ ಲೀಡ್ಸ್ ಮತ್ತು ಮಿಚಿಗನ್ ವಿಶ್ವವಿದ್ಯಾಲಯಗಳ ಸಂಶೋಧಕರು ಹೊಸ ಕಂಪ್ಯೂಟರಿನಲ್ಲಿ ಹಳೆಯದರ ನಡೆ ಅನುಕರಿಸುವ ತಂತ್ರಾಂಶದಿಂದ ಅದನ್ನು ತೆರೆದು ತೋರಿಸಿದರು. 2011ರಲ್ಲಿ ಬಿಬಿಸಿ ಊರುಗಳ ಭಾಗವನ್ನು ಜಾಲತಾಣಕ್ಕೆ ಹಾಕಿತು, 2018ರಲ್ಲಿ ಆ ತಾಣ ಮುಚ್ಚಿ ಪ್ರತಿ ಬ್ರಿಟನ್ನಿನ ರಾಷ್ಟ್ರೀಯ ದಾಖಲೆ ಭಂಡಾರ ಸೇರಿತು. ಅನುಕರಣೆ ಇದ್ದರೆ ಸಾಕಲ್ಲ, ಯಂತ್ರ ಯಾಕೆ ಎನ್ನಬಹುದು. ಸಾಲದು. ಡಿಸ್ಕಿನಿಂದ ಬರಹವನ್ನು ಹೊರತೆಗೆಯಲು ಒಮ್ಮೆಯಾದರೂ ಆ ಹಳೆಯ ಡಿಸ್ಕ್ ಯಂತ್ರ ಸರಿಯಾಗಿ ತಿರುಗಲೇಬೇಕು. ತಿರುಗಬೇಕಾದರೆ ಅದರ ಹೊಟ್ಟೆಯೊಳಗಿನ ಕಂಡೆನ್ಸರುಗಳು ಸರಿ ಇರಬೇಕು.

1980ರ ದಶಕದ ಕೊನೆಗೆ ಇನ್ನೊಂದು ಪೀಡೆ ಆರಂಭವಾಯಿತು. ಯಂತ್ರಗಳು ಸಣ್ಣವಾಗತೊಡಗಿದಾಗ ಕಂಡೆನ್ಸರುಗಳನ್ನು ಬೋರ್ಡಿನ ಮೇಲೆಯೇ ಅಂಟಿಸಿದಂತೆ ಬೆಸೆಯುವ ಪದ್ಧತಿ ಬಂತು. 1989ರ ಮ್ಯಾಕಿಂಟಾಷ್ ಎಸ್‌ಇ/30, 1992ರ ಅಮಿಗ 600 ಮತ್ತು 1200, ಸೇಗ ಕಂಪೆನಿಯ ಕೈಯಾಟದ ಗೇಮ್ ಗಿಯರ್ ಎಲ್ಲವೂ ಈ ಗುಂಪಿನವು. ಆಗ ಬಳಕೆಗೆ ಬಂದ ಒಂದು ಬಗೆಯ ದ್ರಾವಣ ಋಣ ತಂತಿಯ ಬಳಿ ಕ್ಷಾರವಾಗಿ ಬಿರಡೆಯ ರಬ್ಬರನ್ನೇ ತಿಂದು ಹೊರಗೆ ಸೋರಿತು. ಸೋರಿದ್ದು ಅಲ್ಲಿಗೇ ನಿಲ್ಲದೆ ಬೋರ್ಡಿನ ತಾಮ್ರದ ಗೆರೆಗಳನ್ನೂ ತಿನ್ನುತ್ತದೆ. ಮ್ಯಾಕಿಂಟಾಷ್‌ನಲ್ಲಿ ಮೊದಲು ಧ್ವನಿ ಸಣ್ಣದಾಗುತ್ತದೆ, ಕೆಲವು ವರ್ಷ ಬಿಟ್ಟು ಪರದೆಯಲ್ಲಿ ಬರೇ ಪಟ್ಟೆಗಳು. ಇಂಥ ಬೋರ್ಡಿಗೆ ಬೆಸುಗೆ ಕಡ್ಡಿ ತಾಗಿಸಿದಾಗ ಬರುವುದು ಮೀನಿನ ವಾಸನೆ. ನಮ್ಮ ಕಡೆಯವರಿಗೆ ಗುರುತು ಹಿಡಿಯುವುದು ಕಷ್ಟವಾಗಲಾರದು.

ಮೂರನೆಯ ಪೀಡೆ ನಮ್ಮ ಕಣ್ಣೆದುರಿನದ್ದು. 1999ರಿಂದ 2007ರವರೆಗೆ ಲೋಕದ ತುಂಬ ಕಂಪ್ಯೂಟರುಗಳ ಕಂಡೆನ್ಸರುಗಳು ಅವಧಿಗೆ ಮೊದಲೇ ಉಬ್ಬಿ ಒಡೆದವು. ಕೇರಳದಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಆರಂಭವಾಗಿ ಗಡಿನಾಡಿನ ಕನ್ನಡ ಶಾಲೆಗಳಿಗೂ ಕಂಪ್ಯೂಟರ್ ಕೋಣೆ ಬಂದದ್ದು ಸರಿಯಾಗಿ ಇದೇ ಕಾಲದಲ್ಲಿ. ಡಬ್ಬಿಯ ನೆತ್ತಿಯ ಮೇಲೆ ಕತ್ತರಿ ಗುರುತಿನಂತೆ ಗೀರು ಹಾಕಿರುತ್ತಾರಲ್ಲ, ಅದು ಅಲಂಕಾರಕ್ಕಲ್ಲ. ಒಳಗೆ ಅನಿಲ ತುಂಬಿದರೆ ಬಾಂಬಿನಂತೆ ಸಿಡಿಯದೆ ಅಲ್ಲಿಯೇ ಸೀಳಲಿ ಎಂದು ಮಾಡಿದ್ದು. ದ್ರಾವಣದಲ್ಲಿ ನೀರಿನ ಅಂಶ ಹೆಚ್ಚಿದ್ದು, ಅದನ್ನು ಅಲ್ಯೂಮಿನಿಯಂನಿಂದ ದೂರ ಇಡುವ ರಾಸಾಯನಿಕ ಸಾಲದಿದ್ದರೆ ಎರಡೂ ಕೂಡಿ ಹೈಡ್ರೋಜನ್ ಅನಿಲ ಹುಟ್ಟುತ್ತದೆ, ನೆತ್ತಿ ಉಬ್ಬುತ್ತದೆ.

ಯಾಕೆ ಹೀಗಾಯಿತು ಎನ್ನುವುದಕ್ಕೆ ಒಂದು ಪತ್ತೇದಾರಿ ಕಥೆ ಪ್ರಸಿದ್ಧವಾಗಿದೆ. ಜಪಾನಿನ ಕಂಪೆನಿಯೊಂದರ ದ್ರಾವಣದ ಸೂತ್ರವನ್ನು ಕದ್ದರು, ಕದ್ದದ್ದು ಅರೆಬರೆಯಾಗಿತ್ತು, ತೈವಾನಿನ ಕಂಪೆನಿಗಳು ಅದೇ ಸೂತ್ರದಲ್ಲಿ ಕೋಟಿಗಟ್ಟಲೆ ತಯಾರಿಸಿದವು ಎಂದು. ಕೇಳಲು ರಸವತ್ತಾಗಿದೆ, ಆದರೆ ನ್ಯಾಯಾಲಯದಲ್ಲಿ ರುಜುವಾತಾದ ಸಂಗತಿಯಲ್ಲ. ಎಲ್ಲ ಹಾಳಾದದ್ದಕ್ಕೂ ಅದೊಂದೇ ಕಾರಣ ಎನ್ನಲು ನನಗೆ ಮನಸ್ಸು ಬಾರದು. ಯಾಕೆಂದರೆ ಡೆಲ್ ಕಂಪೆನಿ 2003ರಿಂದ 2005ರವರೆಗೆ ಮಾರಿದ ಆಪ್ಟಿಪ್ಲೆಕ್ಸ್‌ಗಳಲ್ಲಿ ಕೆಟ್ಟವು ಜಪಾನಿನ ನಿಚಿಕಾನ್ ಕಂಪೆನಿಯವೇ. ಆ ದುರಸ್ತಿಗೆಂದು ಡೆಲ್ 30 ಕೋಟಿ ಡಾಲರ್ ಖರ್ಚು ತೋರಿಸಬೇಕಾಯಿತು. ಕಳ್ಳರ ಕಥೆ ಇಲ್ಲಿಗೆ ಒಪ್ಪುವುದಿಲ್ಲ.

ಕಂಡೆನ್ಸರ್ ಎಂದರೆ ಜಪಾನು, ತೈವಾನು ಎಂದೇ ತಿಳಿಯಬೇಕಾಗಿಲ್ಲ. ಕಾಸರಗೋಡಿನಿಂದ ಹೆದ್ದಾರಿಯಲ್ಲಿ ಕಣ್ಣೂರಿಗೆ ಹೋಗುವಾಗ ತಳಿಪರಂಬ ಕಳೆದು ಮಾಙಾಟ್ಟುಪರಂಬದಲ್ಲಿ ಕೆಲ್ಟ್ರಾನ್ ಕಾಂಪೊನೆಂಟ್ ಕಾಂಪ್ಲೆಕ್ಸ್ ಇದೆ. 1974ರಲ್ಲಿ ಸ್ಥಾಪನೆಯಾದ ಈ ಸರಕಾರಿ ಸಂಸ್ಥೆಯ ಮುಖ್ಯ ಉತ್ಪನ್ನವೇ ಅಲ್ಯೂಮಿನಿಯಂ ಎಲೆಕ್ಟ್ರೊಲಿಟಿಕ್ ಕಂಡೆನ್ಸರ್. ಕೆಲ್ಟ್ರಾನ್ ಕಟ್ಟಿದ ಕೆ.ಪಿ.ಪಿ. ನಂಬಿಯಾರ್ ಅಲ್ಲೇ ಪಕ್ಕದ ಕಲ್ಯಾಶ್ಶೇರಿಯವರು. ಮುಂದೆ ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆಯ ಕಾರ್ಯದರ್ಶಿಯೂ ಆದರು. 2024ರ ಅಕ್ಟೋಬರಿನಲ್ಲಿ ಅಲ್ಲಿ ಸೂಪರ್ ಕೆಪಾಸಿಟರ್ ತಯಾರಿಕೆಯೂ ಶುರುವಾಯಿತು. ಅಧ್ಯಯನ ಪ್ರವಾಸ ಎಂದರೆ ಮೈಸೂರು, ಊಟಿ ಎಂದೇ ಬಸ್ಸು ಗೊತ್ತು ಮಾಡುವ ನಮ್ಮ ಮುಖ್ಯೋಪಾಧ್ಯಾಯರುಗಳು ಇತ್ತಲೂ ಒಮ್ಮೆ ಯೋಚಿಸಬಹುದು.

ಬದಲಾಯಿಸುವ ಕೆಲಸಕ್ಕೆ ಬಂದರೆ, ಹಳೆಯದನ್ನು ಬೆಸುಗೆ ಕರಗಿಸಿ ತೆಗೆಯುವುದು, ಹೊಸದನ್ನು ಕೂರಿಸುವುದು, ಅಷ್ಟೇ. ಜಾಗ್ರತೆ ಬೇಕಾದ್ದು ಬೇರೆ ಕಡೆ. ಸ್ವಿಚ್ ಮೋಡ್ ಪೆಟ್ಟಿಗೆಯೊಳಗಿನ ದೊಡ್ಡ ಕಂಡೆನ್ಸರಿನಲ್ಲಿ ಸುಮಾರು 325 ವೋಲ್ಟ್ ಇರುತ್ತದೆ, 230ನ್ನು 2ರ ವರ್ಗಮೂಲದಿಂದ ಗುಣಿಸಿ ನೋಡಿ. ಪ್ಲಗ್ ಕಿತ್ತ ಮೇಲೂ ಅದು ಒಳಗೆ ಉಳಿದಿರಬಹುದು. ಮುಶೆನ್‌ಬ್ರೂಕರಿಗೆ ಬಡಿದದ್ದು ಇದೇ. ಆದ್ದರಿಂದ ಮಕ್ಕಳು ತಾವಾಗಿ ಆ ಪೆಟ್ಟಿಗೆ ತೆರೆಯಲೇಬಾರದು. ಅಲ್ಯೂಮಿನಿಯಂ ಡಬ್ಬಿಯ ಮೇಲಿನ ಪಟ್ಟೆ ಋಣ ತುದಿಯನ್ನು ತೋರಿಸುತ್ತದೆ, ಟ್ಯಾಂಟಲಂ ಜಾತಿಯಲ್ಲಿ ಪಟ್ಟೆ ಇರುವುದು ಧನ ತುದಿಗೆ. ತಿರುಗು ಮುರುಗಾದರೆ ಬೆಂಕಿ. ವೋಲ್ಟೇಜ್ ಹಳೆಯದರಷ್ಟೇ ಅಥವಾ ಹೆಚ್ಚು ಇರಬೇಕು. ರೀಫಾದ ಜಾಗಕ್ಕೆ ಲೈನಿಗೆಂದೇ ಮಾಡಿದ ಎಕ್ಸ್2 ದರ್ಜೆಯದ್ದು ಮಾತ್ರ, ಸಿಕ್ಕಿದ್ದನ್ನು ಹಾಕುವಂತಿಲ್ಲ.

ಎಲ್ಲವನ್ನೂ ಬದಲಾಯಿಸಬೇಕೆ, ಕೆಟ್ಟದ್ದನ್ನು ಮಾತ್ರವೆ ಎಂಬ ಜಗಳ ಹವ್ಯಾಸಿಗಳಲ್ಲಿ ಮುಗಿಯುವುದೇ ಇಲ್ಲ. ಮ್ಯೂಸಿಯಮ್ಮಿನವರ ಕ್ರಮ ಬೇರೆ. ಕ್ಯಾಲಿಫೋರ್ನಿಯದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿ ಪಿಡಿಪಿ-1 ಎಂಬ 1960ರ ಕಾಲದ ಯಂತ್ರವನ್ನು 2000ದ ದಶಕದಲ್ಲಿ ಎಬ್ಬಿಸಿದವರು ಅದರ ದೊಡ್ಡ ಕಂಡೆನ್ಸರುಗಳನ್ನು ಕಿತ್ತು ಹಾಕಲಿಲ್ಲ. ಬಹುಕಾಲ ಸುಮ್ಮನಿದ್ದಾಗ ಸವೆದ ಆಕ್ಸೈಡ್ ಪೊರೆ, ವೋಲ್ಟೇಜನ್ನು ಮೆಲ್ಲ ಮೆಲ್ಲನೆ ಏರಿಸಿದರೆ ಮತ್ತೆ ಬೆಳೆಯುತ್ತದೆ. ಉಪವಾಸ ಬಿದ್ದವರಿಗೆ ಮೊದಲು ಗಂಜಿ ಕೊಟ್ಟ ಹಾಗೆ. ಹಳೆಯ ಡಬ್ಬಿಯ ಒಳಗನ್ನು ಮಾತ್ರ ತೆಗೆದು ಹೊಸದನ್ನು ಅದರೊಳಗೆ ಅಡಗಿಸಿಡುವವರೂ ಇದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ, ರೀಫಾ ಮತ್ತು ಸೋರುವ ಜಾತಿಯವನ್ನು ಕಣ್ಣುಮುಚ್ಚಿ ತೆಗೆಯಬೇಕು. ಉಳಿದವನ್ನು ಅಳೆದು ನೋಡದೆ ಮುಟ್ಟಬಾರದು. ತೆಗೆದದ್ದನ್ನು ಕಾಗದದ ಲಕೋಟೆಯಲ್ಲಿ ಜಾಗ, ತಾರೀಕು ಬರೆದು ಇಡಬೇಕು.

ಗಡಿನಾಡಿನ ಎಷ್ಟೋ ಶಾಲೆಗಳ ಶತಮಾನೋತ್ಸವ ಸ್ಮರಣ ಸಂಚಿಕೆಗಳು, ನಾಟಕದ ಹಸ್ತಪ್ರತಿಗಳು, ಊರಿನ ಹಿರಿಯರ ಸಂದರ್ಶನಗಳು 1990ರ ದಶಕದಲ್ಲಿ ಡಿಟಿಪಿ ಅಂಗಡಿಗಳಲ್ಲಿ ಟೈಪಾದವು. ಯೂನಿಕೋಡ್ ಇಲ್ಲದ ಕಾಲದ ಫಾಂಟುಗಳು, ಫ್ಲಾಪಿಗಳು, ಮೂಲೆಯಲ್ಲಿ ಗೋಣಿ ಹೊದೆದು ಕುಳಿತ ಕಂಪ್ಯೂಟರುಗಳು. ಅಚ್ಚಾದ ಪ್ರತಿ ಒಂದೂ ಉಳಿಯದ ಕಡೆ ಇರುವುದು ಅದೊಂದೇ ಪ್ರತಿ. ಅಂಥ ಯಂತ್ರ ಕಂಡರೆ ಗುಜರಿಗೆ ಹಾಕಬೇಡಿ, ಉರಿಯುತ್ತದೋ ನೋಡೋಣ ಎಂದು ಸ್ವಿಚ್ಚೂ ಹಾಕಬೇಡಿ. ತಿಳಿದವರಿಂದ ತೆರೆಯಿಸಿ, ಹಾರ್ಡ್ ಡಿಸ್ಕನ್ನು ಬೇರ್ಪಡಿಸಿ ಇನ್ನೊಂದು ಯಂತ್ರದಲ್ಲಿ ಪ್ರತಿ ಮಾಡಿಸಿ. ಬೋರ್ಡಿನ ಮೇಲೆ ಸಣ್ಣ ಪೀಪಾಯಿಯಂಥ ಬ್ಯಾಟರಿ ಇದ್ದರೆ ಅದನ್ನು ಅಂದೇ ಕತ್ತರಿಸಿ ತೆಗೆಯಿಸಿ, ಕಂಡೆನ್ಸರಿಗಿಂತ ಮೊದಲು ಅದು ಸೋರಿರುತ್ತದೆ. ಫ್ಲಾಪಿ ಓದುವ ಡ್ರೈವಿನ ಅಡಿಯಲ್ಲೂ ಕೆಲವೊಮ್ಮೆ ಮೂರು ನಾಲ್ಕು ಸಣ್ಣ ಕಂಡೆನ್ಸರುಗಳಿರುತ್ತವೆ. ಅವನ್ನೂ ನೋಡಲು ಹೇಳಿ.